ಕಡಿಮೆ ಬಜೆಟ್‌ನಲ್ಲಿ ಮನೆಗೊಂದು ಕಂಪ್ಯೂಟರ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು?

ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಎಲ್ಲ ಸೇರಿ ಇಪ್ಪತ್ತು ಸಾವಿರದೊಳಗೆ, ಕೀಬೋರ್ಡ್ ಮೌಸ್ ಫ್ರೀ. ಇಂಥ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ಅದರಲ್ಲಿ ಬರೆದಿರುವ ಒಂದಕ್ಷರವೂ ಸುಳ್ಳಿರಲಿಕ್ಕಿಲ್ಲ. ಆದರೆ ಆ ಐ7 ಯಾವ ವರ್ಷದ್ದು ಅಂತ ಕೇಳಿ ನೋಡಿ. ಹೆಚ್ಚಾಗಿ ಅದು ಐ7-3770 ಅಥವಾ ಅದರ ಆಸುಪಾಸಿನದು. 2012ರಲ್ಲಿ ಬಂದ ಪ್ರೊಸೆಸರ್. ಯಾವುದೋ ಆಫೀಸಿನ ಹಳೆ ಕಂಪ್ಯೂಟರಿನಿಂದ ಬಿಚ್ಚಿದ್ದು. ಅದಕ್ಕೆ ಹೊಂದುವ ಹಾಗೆ ಹೊಸದಾಗಿ ಮಾಡಿದ ಅಗ್ಗದ ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್), ಮೇಲೊಂದು ಬಣ್ಣದ ಲೈಟಿನ ಕ್ಯಾಬಿನೆಟ್.

ಅದರ ಪಕ್ಕದಲ್ಲಿ 2022ರ ಐ3-12100 ಇಟ್ಟು ನೋಡಿ. ಎರಡರಲ್ಲೂ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಆದರೂ ಐ3 ಹೆಚ್ಚುಕಡಿಮೆ ಎರಡರಷ್ಟು ಕೆಲಸ ಮಾಡುತ್ತದೆ. ಇನ್ನೊಂದು ತೊಂದರೆಯೂ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಕಂಪನಿಯ ಪ್ರೊಸೆಸರ್ ಆದರೆ 8ನೇ ತಲೆಮಾರಿನಿಂದ ಈಚಿನದು, ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಈಚಿನದು ಬೇಕು. ಜೊತೆಗೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ವ್ಯವಸ್ಥೆ ಇರಬೇಕು. 3770ರಲ್ಲಿ ವಿಂಡೋಸ್ 11 ಹಾಕಿಕೊಡುತ್ತೇವೆ ಅಂದರೆ ಅದು ಅಡ್ಡದಾರಿ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಏನಾಗುತ್ತದೋ ಅನ್ನುವ ಭಯ ಇದ್ದೇ ಇರುತ್ತದೆ.

ಕಡಿಮೆ ದುಡ್ಡಿನಲ್ಲಿ ಪಿಸಿ ಮಾಡಿಸುವವರಿಗೆ ನಾನು ಹೇಳುವುದು ಒಂದೇ ಮಾತು. ಆಮೇಲೆ ಸುಲಭವಾಗಿ ಸೇರಿಸಬಹುದಾದದ್ದನ್ನು ಈಗ ಬಿಡಿ. ಆಮೇಲೆ ಬದಲಾಯಿಸಲು ಕಷ್ಟ ಆಗುವುದನ್ನು ಈಗಲೇ ಸರಿಯಾಗಿ ತಗೊಳ್ಳಿ. ರ‍್ಯಾಮ್ ಸೇರಿಸಬಹುದು, ಎಸ್‌ಎಸ್‌ಡಿ ಸೇರಿಸಬಹುದು, ಗ್ರಾಫಿಕ್ಸ್ ಕಾರ್ಡನ್ನು ಎರಡು ವರ್ಷ ಬಿಟ್ಟು ಹಾಕಬಹುದು. ಆದರೆ ಮದರ್‌ಬೋರ್ಡ್ ಬದಲಾಯಿಸಬೇಕು ಅಂದ್ರೆ ಇಡೀ ಪಿಸಿ ಬಿಚ್ಚಬೇಕು. ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೆಟ್ಟರೆ ಅದೊಂದೇ ಹೋಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮುಂದೆ ಹೇಳುವುದನ್ನೆಲ್ಲ ಈ ಲೆಕ್ಕದಲ್ಲೇ ನೋಡಿ.

ಪ್ರೊಸೆಸರ್ ನಂಬರ್ ಓದುವುದು ಹೇಗೆ?

ಐ3, ಐ5, ಐ7 ಅನ್ನುವುದನ್ನು ನೋಡಿ ಬೆಲೆ ಕಟ್ಟಬೇಡಿ. ಅದರ ಮುಂದಿನ ನಂಬರ್ ನೋಡಿ. ಇಂಟೆಲ್ ಕೋರ್ ಐ3-12100ರಲ್ಲಿ ಮೊದಲ ಎರಡು ಅಂಕಿ, ಅಂದರೆ 12, ತಲೆಮಾರು. 3770ರಲ್ಲಿ ಮೊದಲ ಒಂದೇ ಅಂಕಿ, ಅಂದರೆ 3ನೇ ತಲೆಮಾರು. ನಂಬರ್ ಹೇಳದೆ ಬರೀ "ಐ5 ಸಾರ್, ಒಳ್ಳೇ ಸ್ಪೀಡ್" ಅನ್ನುವವರ ಹತ್ತಿರ ಪೂರ್ತಿ ನಂಬರ್ ಬರೆಸಿಕೊಳ್ಳಿ.

ಕೊನೆಯ ಅಕ್ಷರ ಇನ್ನೂ ಮುಖ್ಯ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. 12100 ಮತ್ತು 12100ಎಫ್ ನಡುವೆ ಒಂದೆರಡು ಸಾವಿರ ಉಳಿಯುತ್ತದೆ ಅಂತ ಎಫ್ ತಂದು, ಕಾರ್ಡ್ ಹಾಕದೆ ಆನ್ ಮಾಡಿದರೆ ಪರದೆ ಮೇಲೆ ಏನೂ ಬರುವುದಿಲ್ಲ. ಎಎಂಡಿಯ ಎಎಂ4 (ಪ್ರೊಸೆಸರ್ ಕೂರುವ ಜಾಗದ ಒಂದು ಮಾದರಿ) ಸಾಲಿನಲ್ಲಿ ಇದು ಉಲ್ಟಾ. ಅಲ್ಲಿ ಕೊನೆಯ ಅಕ್ಷರಗಳಲ್ಲಿ ಜಿ ಇದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇದೆ. ರೈಜೆನ್ 5 5600ಜಿಯಲ್ಲಿ ಇದೆ, ಬರೀ 5600ರಲ್ಲಿ ಇಲ್ಲ.

ಮನೆ ಬಳಕೆಗೆ ನಾನು ಮೊದಲು ನೋಡುವುದು ಈ ಎರಡನ್ನೇ: ಐ3-12100 ಮತ್ತು ರೈಜೆನ್ 5 5600ಜಿ. ಮಕ್ಕಳ ಓದು, ಬ್ರೌಸರ್, ಎಕ್ಸೆಲ್, ಟ್ಯಾಲಿ, ಆನ್‌ಲೈನ್ ಕ್ಲಾಸ್, ಬಿಇ ಹುಡುಗರ ಕೋಡಿಂಗ್, ಇಷ್ಟಕ್ಕೆ ಐ3 ಧಾರಾಳ ಸಾಕು. ವಿಡಿಯೋ ನೋಡುವುದಕ್ಕೂ ಅದು ಚೆನ್ನಾಗಿದೆ. ಯೂಟ್ಯೂಬ್ ಈಗ ಹೆಚ್ಚು ಬಳಸುವ ಎವಿ1 ಮಾದರಿಯ ವಿಡಿಯೋವನ್ನು ಅದರೊಳಗಿನ ಗ್ರಾಫಿಕ್ಸೇ ಬಿಡಿಸುತ್ತದೆ. ಪ್ರೊಸೆಸರಿಗೆ ಹೊರೆ ಬೀಳುವುದಿಲ್ಲ. 5600ಜಿಯಲ್ಲಿ 6 ಕೋರ್ ಇವೆ. ಅದರ ವೇಗಾ 7 ಗ್ರಾಫಿಕ್ಸ್ ಇಂಟೆಲ್‌ನ ಯುಎಚ್‌ಡಿ 730ಕ್ಕಿಂತ ಎಷ್ಟೋ ಮೇಲು. ಕಾರ್ಡ್ ಇಲ್ಲದೆ ವ್ಯಾಲರಂಟ್‌ನಂಥ ಆಟ ಆಡಬೇಕು ಅನ್ನುವ ಮಗ ಮನೆಯಲ್ಲಿದ್ದರೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಬಹುದು. ಮುಂದೆ ದೊಡ್ಡ ಕಾರ್ಡ್ ಹಾಕಿಯೇ ಹಾಕುತ್ತೇವೆ, ತುಂಬ ವಿಡಿಯೋ ಎಡಿಟ್ ಮಾಡುತ್ತೇವೆ ಅನ್ನುವವರು ಸ್ವಲ್ಪ ಎಳೆದು ಐ5-12400ಕ್ಕೆ ಹೋದರೆ ಒಳ್ಳೆಯದು. ಅದರಲ್ಲಿ 6 ಕೋರ್, 12 ಥ್ರೆಡ್.

ಪ್ರೊಸೆಸರನ್ನು ಬಾಕ್ಸ್ ಸಮೇತ ತಗೊಳ್ಳಿ. ಬಾಕ್ಸಿನಲ್ಲಿ ಬರುವುದಕ್ಕೆ ಕಂಪನಿಯಿಂದ 3 ವರ್ಷದ ವಾರಂಟಿ ಇರುತ್ತದೆ. ಈ ಪ್ರೊಸೆಸರ್‌ಗಳಿಗೆ ಕೂಲರ್ ಕೂಡ ಅದರೊಳಗೇ ಬರುತ್ತದೆ. ಮನೆ ಬಳಕೆಗೆ ಆ ಕೂಲರೇ ಸಾಕು. ಟ್ರೇ ಪೀಸ್ ಅಂತ ಕವರಿನಲ್ಲಿ ಕೊಡುವುದಕ್ಕೆ ಅಂಗಡಿಯವರ ಬಾಯಿಮಾತೇ ವಾರಂಟಿ. ಕೂಲರ್ ಬೇರೆ ಕೊಳ್ಳಬೇಕು. ಕೂಡಿಸಿ ನೋಡಿದರೆ ಉಳಿದದ್ದು ಏನೂ ಇರುವುದಿಲ್ಲ.

ಮದರ್‌ಬೋರ್ಡ್ ಎಂದರೆ ಮುಂದಿನ ಐದು ವರ್ಷ

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಸಾಕೆಟ್ ಯಾವುದು ಅನ್ನುವುದು ನಾಳೆ ಯಾವ ಪ್ರೊಸೆಸರ್ ಹಾಕಬಹುದು ಅನ್ನುವುದನ್ನು ನಿರ್ಧರಿಸುತ್ತದೆ. ಇಂಟೆಲ್‌ನ ಎಲ್‌ಜಿಎ 1700ರಲ್ಲಿ 12, 13, 14ನೇ ತಲೆಮಾರಿನವು ಕೂರುತ್ತವೆ. ಈಗ ಐ3-12100 ಹಾಕಿ, ಮೂರ್ನಾಲ್ಕು ವರ್ಷದ ಮೇಲೆ ಸೆಕೆಂಡ್‌ಹ್ಯಾಂಡ್‌ನಲ್ಲಿ 13ನೇ ತಲೆಮಾರಿನ ಐ5 ಸಿಕ್ಕರೆ ಅದೇ ಬೋರ್ಡಿಗೆ ಹಾಕಬಹುದು. ಎಎಂಡಿಯ ಎಎಂ4 2016ರಿಂದ ಇರುವ ಸಾಕೆಟ್. ಅದರ ದಾರಿ ರೈಜೆನ್ 5000 ಸರಣಿಗೆ ಬಂದು ನಿಲ್ಲುತ್ತದೆ. ಆದರೆ ಆ ಸರಣಿಯೇ ಸಾಕಷ್ಟು ದೊಡ್ಡದು. 5600ಜಿ ಹಾಕಿದವರಿಗೆ ಮೇಲೆ 8 ಕೋರಿನವರೆಗೆ, ಇನ್ನೂ ಮುಂದಕ್ಕೂ ಜಾಗ ಇದೆ. 2022ರಲ್ಲಿ ಬಂದ ಎಎಂ5ಕ್ಕೆ 2027ರವರೆಗಾದರೂ ಹೊಸ ಪ್ರೊಸೆಸರ್ ಬರುತ್ತದೆ ಅಂತ ಎಎಂಡಿಯೇ ಹೇಳಿದೆ. ಆದರೆ ಅದಕ್ಕೆ ಹೊಸ ಮಾದರಿಯ ಡಿಡಿಆರ್5 ರ‍್ಯಾಮೇ ಬೇಕು. ಬೋರ್ಡ್ ಬೆಲೆಯೂ ಜಾಸ್ತಿ. ಬಿಗಿ ಬಜೆಟ್ಟಿಗೆ ಅದು ಸದ್ಯ ಕಷ್ಟ.

ಬೋರ್ಡಿನಲ್ಲಿ ಹೊಳೆಯುವ ಲೈಟು, ದಪ್ಪ ಹೀಟ್‌ಸಿಂಕ್, ಗೇಮಿಂಗ್ ಅನ್ನುವ ಹೆಸರು ಯಾವುದೂ ಬೇಡ. ಬೋರ್ಡಿನ ಚಿಪ್‌ಸೆಟ್ (ಬೋರ್ಡಿನ ಮಟ್ಟ ಹೇಳುವ ಚಿಪ್) ಇಂಟೆಲ್‌ಗೆ ಎಚ್610, ಎಎಂಡಿಗೆ ಎ520 ಆದರೆ ಸಾಕು, ಬಿ ಸರಣಿ ಕೈಗೆಟುಕಿದರೆ ಇನ್ನೂ ಒಳ್ಳೆಯದು. ನೋಡಬೇಕಾದ್ದು ಬೇರೆ. ರ‍್ಯಾಮಿಗೆ ಕಡಿಮೆಯೆಂದರೆ ಎರಡು ಸ್ಲಾಟ್ ಇರಬೇಕು. ಎನ್‌ವಿಎಂಇ, ಅಂದರೆ ಹೆಚ್ಚು ವೇಗದ ಎಸ್‌ಎಸ್‌ಡಿ, ಹಿಡಿಯುವ ಎಂ.2 ಸ್ಲಾಟ್ ಇರಬೇಕು. ತೀರಾ ಅಗ್ಗದ ಕೆಲವು ಎಚ್610 ಬೋರ್ಡುಗಳಲ್ಲಿ ಇದನ್ನೇ ಬಿಟ್ಟಿರುತ್ತಾರೆ. ಹಿಂದಿರುವ ವಿಡಿಯೋ ಪೋರ್ಟ್ ನಿಮ್ಮ ಮಾನಿಟರಿಗೆ ಹೊಂದಬೇಕು. ಹಳೆ ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಬೋರ್ಡಿನಲ್ಲೂ ವಿಜಿಎ ಇದೆಯಾ ನೋಡಿ. ಎಚ್610ರಲ್ಲಿ ಡಿಡಿಆರ್4ರದ್ದೂ ಇದೆ, ಡಿಡಿಆರ್5ರದ್ದೂ ಇದೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಹಳೆ ಸ್ಟಾಕಿನ ಬಿ450 ಬೋರ್ಡ್ ತಗೊಂಡರೆ 5600ಜಿಗೆ ಬೇಕಾದ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಮನೆಗೆ ತಂದ ಮೇಲೆ ಬೂಟ್ ಆಗಲಿಲ್ಲ ಅಂತ ಒದ್ದಾಡುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ.

ರ‍್ಯಾಮ್ ಒಂದಾ, ಎರಡಾ?

16 ಜಿಬಿಯ ಒಂದು ಸ್ಟಿಕ್ಕೋ, 8 ಜಿಬಿಯ ಎರಡೋ? ಒಟ್ಟು ಒಂದೇ ಅಲ್ವಾ ಅನ್ನಿಸುತ್ತದೆ. ಅಲ್ಲ. ಲೆಕ್ಕ ಹಾಕಿ ನೋಡೋಣ. ಡಿಡಿಆರ್4 3200 ಸ್ಟಿಕ್ ಒಂದು ಸೆಕೆಂಡಿಗೆ 320 ಕೋಟಿ ಸಲ ಡೇಟಾ ಸಾಗಿಸುತ್ತದೆ, ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಎರಡು ಸ್ಟಿಕ್ ಎರಡು ಚಾನೆಲ್‌ನಲ್ಲಿ (ಡೇಟಾ ಸಾಗುವ ಬೇರೆ ಬೇರೆ ದಾರಿಯಲ್ಲಿ) ಕೂತರೆ ಎರಡೂ ಒಟ್ಟಿಗೆ ಓಡುತ್ತವೆ, 51.2 ಜಿಬಿ ಆಗುತ್ತದೆ. ಬರೀ ವರ್ಡ್, ಬ್ರೌಸರ್‌ನಲ್ಲಿ ಈ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಆದರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇರುವುದಿಲ್ಲ. ಚಿತ್ರ ಬಿಡಿಸಲು ಬೇಕಾದದ್ದೆಲ್ಲ ಇದೇ ರ‍್ಯಾಮಿನಿಂದ ಬರಬೇಕು. 5600ಜಿಗೆ ಒಂದೇ ಸ್ಟಿಕ್ ಹಾಕಿದರೆ ವೇಗಾ 7ಕ್ಕೆ ಕೊಟ್ಟ ದುಡ್ಡು ಅರ್ಧ ವ್ಯರ್ಥ. ಆಟದಲ್ಲಿ ಅದು ಕಣ್ಣಿಗೇ ಕಾಣುತ್ತದೆ.

2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜೋರಾಗಿ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಮಾಡಿಕೊಡುವುದರಲ್ಲಿ ಲಾಭ ಜಾಸ್ತಿ, ಹಾಗಾಗಿ ಕಂಪನಿಗಳು ಅತ್ತ ತಿರುಗಿವೆ. ಮನೆಗೆ ಒಂದು ಪಿಸಿ ಕೊಳ್ಳುವವರ ಜೇಬಿಗೆ ಇದರ ಬಿಸಿ ತಟ್ಟುತ್ತಿದೆ. ಹಾಗಾಗಿ ನನ್ನ ಸಲಹೆ ಹೀಗೆ. ಐ3 ಹಾಕುವವರು ಈಗ ಒಂದೇ 8 ಜಿಬಿ ಸ್ಟಿಕ್ ಹಾಕಿ ಶುರು ಮಾಡಬಹುದು, ಇನ್ನೊಂದನ್ನು ಬೆಲೆ ಇಳಿದಾಗ ಸೇರಿಸಬಹುದು. ಅದೇ ಕಂಪನಿಯ, ಅದೇ ಸ್ಪೀಡಿನದು ಸಿಕ್ಕರೆ ಒಳ್ಳೆಯದು. 5600ಜಿ ಹಾಕುವವರು ಮಾತ್ರ ಮೊದಲಿಂದಲೇ ಎರಡು ಸ್ಟಿಕ್ ಹಾಕಿ.

ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಓಡಿಸುವ ಕಾಲ ಮುಗಿಯಿತು. ಒಂದು ಎಸ್‌ಎಸ್‌ಡಿ ಬೇಕೇ ಬೇಕು. ಸಾಟಾ (ಹಳೆಯ ಜೋಡಣೆ ವಿಧಾನ) ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಸಾಧಾರಣ ಎನ್‌ವಿಎಂಇ 2000ದಿಂದ 3500 ಎಂಬಿ. ಬೆಲೆಯಲ್ಲಿ ಅಷ್ಟು ಅಂತರ ಇಲ್ಲದ್ದರಿಂದ ಎನ್‌ವಿಎಂಇ ತಗೊಳ್ಳಿ. 7000 ಎಂಬಿ ಅಂತ ಬರೆದಿರುವ ದುಬಾರಿಯದಕ್ಕೆ ಹೋಗಬೇಡಿ, ಮನೆ ಕೆಲಸದಲ್ಲಿ ಆ ವೇಗ ಗೊತ್ತೇ ಆಗುವುದಿಲ್ಲ. ಎಂ.2 ಅನ್ನುವುದು ಆಕಾರ ಅಷ್ಟೇ. ಎಂ.2 ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಹಾಗಾಗಿ ಪ್ಯಾಕಿನ ಮೇಲೆ ಎನ್‌ವಿಎಂಇ ಅಂತ ಇದೆಯಾ ಓದಿ. 500 ಜಿಬಿ ಸಾಕು. ಹಳೆ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಬಿಚ್ಚಿ ಇದಕ್ಕೆ ಹಾಕಿಕೊಳ್ಳಿ. ಮದುವೆ ಫೋಟೋ, ಸಿನಿಮಾ ಇಡಲು ಅದು ಆಗುತ್ತದೆ. ಒಂದು ಸಾಟಾ ಕೇಬಲ್ ಖರ್ಚು.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಚೌಕಾಸಿ ಬೇಡ

ಕ್ಯಾಬಿನೆಟ್ ಜೊತೆಗೇ ಬರುತ್ತೆ ಸಾರ್, 450 ವಾಟ್, ಅನ್ನುತ್ತಾರೆ. ಅದರ ಪಕ್ಕದಲ್ಲಿ ಅಂಟಿಸಿರುವ ಚೀಟಿ ಓದಿ. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟ್ ಲೈನಿನಿಂದಲೇ ಕರೆಂಟ್ ಎಳೆಯುತ್ತವೆ. ಚೀಟಿಯಲ್ಲಿ 12 ವೋಲ್ಟ್ ಎದುರು 15 ಆಂಪ್ಸ್ ಅಂತ ಇದ್ದರೆ, 12ನ್ನು 15ರಿಂದ ಗುಣಿಸಿ: 180 ವಾಟ್. ಮೇಲೆ ದಪ್ಪ ಅಕ್ಷರದಲ್ಲಿ 450 ಅಂತ ಬರೆದಿದ್ದರೂ ಅದು ನಿಜಕ್ಕೂ ಕೊಡುವುದು ಇಷ್ಟೇ, ಅದೂ ಚೀಟಿಯನ್ನು ನಂಬಿದರೆ. ಒಳ್ಳೆಯ 450 ವಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಎದುರು 36 ಆಂಪ್ಸ್ ಆಸುಪಾಸು ಇರುತ್ತದೆ, ಅಂದರೆ 432 ವಾಟ್.

ಹಾಗಂತ ಐ3 ಪಿಸಿಗೆ 450 ವಾಟ್ ಬೇಕಾ? ಇಲ್ಲ. ಕಾರ್ಡ್ ಇಲ್ಲದ ಇಂಥ ಪಿಸಿ ಸಾಮಾನ್ಯ ಕೆಲಸದಲ್ಲಿ 100 ವಾಟನ್ನೂ ದಾಟುವುದು ಅಪರೂಪ. ವಾಟ್ ಲೆಕ್ಕಕ್ಕಿಂತ ಗುಣಮಟ್ಟ ಮುಖ್ಯ. ವೋಲ್ಟೇಜ್ ಏರಿಳಿದಾಗ, ಶಾರ್ಟ್ ಆದಾಗ, ತಾನೇ ಆಫ್ ಆಗುವ ವ್ಯವಸ್ಥೆ ಒಳ್ಳೆಯದರಲ್ಲಿ ಇರುತ್ತದೆ. ಅಗ್ಗದ್ದರಲ್ಲಿ ಆ ಬಿಡಿಭಾಗಗಳಿಗೇ ಕತ್ತರಿ ಹಾಕಿರುತ್ತಾರೆ. ಅದು ಸುಟ್ಟಾಗ ಜೊತೆಯಲ್ಲಿ ಬೋರ್ಡು, ಎಸ್‌ಎಸ್‌ಡಿಯನ್ನೂ ಎಳೆದುಕೊಂಡು ಹೋಗಬಹುದು. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ವ್ಯರ್ಥ ಮಾಡುತ್ತದೆ ಅನ್ನುವ) ಗುರುತಿರುವ, ಐದು ವರ್ಷ ಇಲ್ಲವೇ ಮೂರು ವರ್ಷವಾದರೂ ವಾರಂಟಿ ಇರುವ 450 ಇಲ್ಲವೇ 550 ವಾಟ್ ತಗೊಳ್ಳಿ. ನಾಳೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಇದೇ ನಡೆಯುತ್ತದೆ. ಇನ್ನೊಂದು ಪಿಸಿ ಮಾಡಿಸುವಾಗಲೂ ಬಿಚ್ಚಿ ಹಾಕಿಕೊಳ್ಳಬಹುದು.

ಕರೆಂಟಿನ ಮಾತು ಬಂದದ್ದರಿಂದ ಅರ್ಥಿಂಗ್ ಬಗ್ಗೆಯೂ ಹೇಳಲೇಬೇಕು. ಎಷ್ಟೋ ಹಳೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ದಪ್ಪ ತೂತಿಗೆ ವೈರೇ ಇರುವುದಿಲ್ಲ. ಆಗ ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿದರೆ ಜುಮ್ಮೆನ್ನುತ್ತದೆ. ಕಾರಣ ಇಷ್ಟು: ಎಸ್‌ಎಂಪಿಎಸ್‌ಗೆ ಕರೆಂಟ್ ಒಳಬರುವ ಜಾಗದಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಜೋಡಿಸಿದ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಬೇಡದ ಸಿಗ್ನಲ್ಲನ್ನು ಭೂಮಿಗೆ ಇಳಿಸಬೇಕು. ಭೂಮಿಯ ದಾರಿಯೇ ಇಲ್ಲದಿದ್ದಾಗ ಆ ಲೋಹದ ಮೈ ಮೇಲೆ ಮನೆಯ ಕರೆಂಟಿನ ವೋಲ್ಟೇಜಿನ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟ್ ಹತ್ತಿರ ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ. ಆದರೂ ಇದನ್ನು ಎಸ್‌ಎಂಪಿಎಸ್ ದೋಷ ಅಂತ ಬದಲಾಯಿಸುತ್ತಾ ಕೂರಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಎಸ್‌ಎಂಪಿಎಸ್ ಒಳಗೆ ನಿಜವಾಗಿ ಏನಾದರೂ ಶಾರ್ಟ್ ಆದ ದಿನ ಜೀವ ಉಳಿಸುವುದು ಆ ಒಂದು ವೈರೇ.

ಕರೆಂಟ್ ಹೋಗಿಬರುವ ಊರಾದರೆ ಯುಪಿಎಸ್ ಬೇಕು. 600 ವಿಎ ಯುಪಿಎಸ್ ಅಂದರೆ ಸುಮಾರು 360 ವಾಟ್, ಇಂಥ ಪಿಸಿ ಮತ್ತು ಮಾನಿಟರಿಗೆ ಸಾಕು. ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ನೋಡಿ. ಕರೆಂಟ್ ಹೋದ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಸಾಧಾರಣ ಮೋಡ್‌ನಲ್ಲಿ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ಫ್ಯಾನ್ ನಿಲ್ಲದಿದ್ದರೂ ಪಿಸಿ ರೀಸ್ಟಾರ್ಟ್ ಆಗುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪಿಸಿಯನ್ನು ಅದಕ್ಕೆ ಹಾಕದಿರುವುದೇ ವಾಸಿ. ಸೈನ್ ವೇವ್ ಇದ್ದರೆ ಯೋಚನೆ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ

ಜಾಹೀರಾತಿನ ಆ "4 ಜಿಬಿ ಕಾರ್ಡ್" ಹೆಚ್ಚಾಗಿ ಜಿಟಿ 730. 2014ರದ್ದು. 4 ಜಿಬಿ ಅನ್ನುವುದು ದೊಡ್ಡದಾಗಿ ಕಾಣುತ್ತದೆ, ಆದರೆ ಅದು ನಿಧಾನದ ಡಿಡಿಆರ್3 ಮೆಮೊರಿ. ಅದನ್ನು ತುಂಬಿಸಿ ಬಳಸುವ ಶಕ್ತಿ ಆ ಚಿಪ್ಪಿಗಿಲ್ಲ. 5600ಜಿ ಒಳಗಿನ ವೇಗಾ 7 ಇದಕ್ಕಿಂತ ಚೆನ್ನಾಗಿ ಆಟ ಓಡಿಸುತ್ತದೆ. ಕಾರ್ಡಿಗೆ ದುಡ್ಡು ಕೊಟ್ಟು ಹಿಂದಕ್ಕೆ ಹೋದ ಹಾಗಾಯಿತು. ನಿಜವಾಗಿ ಗೇಮಿಂಗ್ ಬೇಕು ಅಂದರೆ ಒಂದಷ್ಟು ತಿಂಗಳು ದುಡ್ಡು ಕೂಡಿಸಿ ಆರ್‌ಎಕ್ಸ್ 6600 ಅಥವಾ ಆ ಮಟ್ಟದ 8 ಜಿಬಿ ಕಾರ್ಡ್ ಹಾಕಿ. ಅದು ಎಳೆಯುವುದು ಸುಮಾರು 130 ವಾಟ್. ಮೇಲೆ ಹೇಳಿದ ಎಸ್‌ಎಂಪಿಎಸ್ ಆರಾಮಾಗಿ ಹೊರುತ್ತದೆ.

ಕ್ಯಾಬಿನೆಟ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಮುಂದುಗಡೆ ಗಾಜು ಮುಚ್ಚಿರಬಾರದು, ಜಾಲರಿ ಇರಬೇಕು, ಗಾಳಿ ಆಡಬೇಕು, ಹಿಂದೊಂದು ಫ್ಯಾನ್ ಬೇಕು. ಮಾನಿಟರ್ ಮಾತ್ರ ಪಿಸಿಗಿಂತ ಜಾಸ್ತಿ ವರ್ಷ ಬಾಳುತ್ತದೆ, ಕಣ್ಣಿಗೆ ಸಂಬಂಧಪಟ್ಟದ್ದು. 22ರಿಂದ 24 ಇಂಚಿನ ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಕೆಡದ ಪರದೆ), 1080ಪಿ ಇರುವುದನ್ನು ತಗೊಳ್ಳಿ.

ವಿಂಡೋಸ್ ಖರ್ಚನ್ನು ಬಜೆಟ್‌ನಲ್ಲಿ ಯಾರೂ ಬರೆಯುವುದೇ ಇಲ್ಲ. ಅಂಗಡಿಯಲ್ಲಿ ಕೊಳ್ಳುವ ವಿಂಡೋಸ್ 11 ಹೋಮ್ ಬೆಲೆ ಒಂದು ಐ3 ಪ್ರೊಸೆಸರಿನ ಹತ್ತಿರ ಬರುತ್ತದೆ. "ಹಾಕಿಕೊಡ್ತೀವಿ" ಅಂತ ಪುಕ್ಕಟೆ ಹಾಕುವುದು ಕ್ರ್ಯಾಕ್ ಮಾಡಿದ್ದು. ಆ ಕ್ರ್ಯಾಕ್ ಜೊತೆ ಇನ್ನೇನು ಒಳಗೆ ಬಂದಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅದೇ ಪಿಸಿಯಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಹೊಡೆಯುತ್ತೀರಿ. ಓದು, ಬ್ರೌಸರ್, ಕೋಡಿಂಗ್ ಅಷ್ಟೇ ಆದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ, ಪೂರ್ತಿ ಉಚಿತ. ಅದರಲ್ಲಿ ಕನ್ನಡ ಟೈಪಿಂಗೂ ಆಗುತ್ತದೆ. ಟ್ಯಾಲಿ ಬೇಕು, ಕಚೇರಿ ಕೆಲಸಕ್ಕೆ ನುಡಿ ತಂತ್ರಾಂಶವೇ ಬೇಕು ಅನ್ನುವವರು ಮಾತ್ರ ವಿಂಡೋಸ್ ಲೈಸೆನ್ಸನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇಷ್ಟೆಲ್ಲ ಹೊಸದಾಗಿ ಕೊಳ್ಳುವಷ್ಟು ದುಡ್ಡೇ ಇಲ್ಲ ಅಂದರೆ? ಆಗ ಆ ಜಾಹೀರಾತಿನ ಐ7ಕ್ಕಿಂತ, ಕಂಪನಿಗಳು ಬಳಸಿ ಬಿಟ್ಟ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಸಾವಿರ ಪಾಲು ಮೇಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥವು ಸಿಗುತ್ತವೆ. ಐ5-8500 ಅಥವಾ ಅದಕ್ಕಿಂತ ಈಚಿನದು ಇರುವುದನ್ನೇ ಕೇಳಿ. 6 ಕೋರ್ ಇದೆ, ವಿಂಡೋಸ್ 11 ಪಟ್ಟಿಯಲ್ಲೂ ಇದೆ. ಎಷ್ಟೋ ಸಲ ವಿಂಡೋಸ್ ಲೈಸೆನ್ಸೂ ಬೋರ್ಡಿನಲ್ಲೇ ಇರುತ್ತದೆ. ಒಂದೇ ಕೊರತೆ, ಇವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡ್ ಹೆಚ್ಚಾಗಿ ಆಯಾ ಕಂಪನಿಯದ್ದೇ ಅಳತೆಯವು. ಕೆಟ್ಟರೆ ಬೇರೆ ಹಾಕಲು ಆಗುವುದಿಲ್ಲ, ದೊಡ್ಡ ಕಾರ್ಡೂ ಹಿಡಿಸುವುದಿಲ್ಲ.

ಹೊಸದೋ ಹಳೆಯದೋ, ಪ್ರತಿ ಭಾಗದ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ತಗೊಳ್ಳಿ. ಬಿಲ್ ಬೇಡ ಅಂದ್ರೆ ಇಷ್ಟು ಕಡಿಮೆ ಮಾಡ್ತೀವಿ ಅನ್ನುವ ಮಾತಿಗೆ ಒಪ್ಪಿದರೆ, ಬೋರ್ಡ್ ಕೆಟ್ಟಾಗ ವಾರಂಟಿ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ. ಅಸೆಂಬಲ್ ಮಾಡಿದ ಮೇಲೆ ಅಂಗಡಿಯಲ್ಲೇ ಆನ್ ಮಾಡಿಸಿ. ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ನಂಬರ್ ನೀವು ಬರೆಸಿಕೊಂಡದ್ದೇನಾ ಅಂತ ನೋಡಿ. ಮೆಮೊರಿ ವಿಭಾಗದಲ್ಲಿ ಎಷ್ಟು ಸ್ಲಾಟ್ ಬಳಕೆಯಾಗಿದೆ, ಸ್ಪೀಡ್ ಎಷ್ಟು ಅಂತಲೂ ಕಾಣುತ್ತದೆ. 3200ರ ರ‍್ಯಾಮ್ 2400 ಇಲ್ಲವೇ 2666 ಅಂತ ತೋರಿಸುತ್ತಿದ್ದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿಲ್ಲ ಅಂತ ಅರ್ಥ. ಅಸೆಂಬಲ್ ಮಾಡಿದ ಹುಡುಗನಿಗೆ ಹೇಳಿ, ಎರಡೇ ನಿಮಿಷದಲ್ಲಿ ಮಾಡಿಕೊಡುತ್ತಾನೆ.